ಕಾಯಿನೀರಿನ ಮೇಲೆ ಕಟ್ಟಿದ ಬಿಳಿ ಪದರ: ಸಕ್ಕರೆಯಿಂದ ಸೆಲ್ಯುಲೋಸ್ ಆಗುವುದು ಹೇಗೆ?

ಪ್ರಶ್ನೆ (ಬದಿಯಡ್ಕದಿಂದ):
ಮಾಷ್ಟ್ರೇ, ನಮಸ್ಕಾರ. ಕೊಬ್ಬರಿಗೆಂದು ಕಾಯಿ ಒಡೆದಾಗ ಸಿಕ್ಕಿದ ನೀರಿಗೆ ಸಕ್ಕರೆ ಬೆರೆಸಿ, ವಿನೆಗರ್ ಮಾಡಲೆಂದು ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದೆ. ಎರಡು ವಾರ ಕಳೆದು ನೋಡಿದಾಗ ಮೇಲೆ ಅರ್ಧ ಬೆರಳು ದಪ್ಪದ ಬಿಳಿ ಪದರ ಕಟ್ಟಿತ್ತು. ಎಳನೀರಿನ ಗಂಜಿಯಂತೆ ಕಂಡರೂ ಎಳೆದರೆ ಸುಲಭದಲ್ಲಿ ಹರಿಯುವುದಿಲ್ಲ. ಇದು ಬೂಷ್ಟೇ? ಹತ್ತಿಯಲ್ಲಿರುವ ಸೆಲ್ಯುಲೋಸೇ ಇದು ಎಂದು ಒಬ್ಬರು ಹೇಳಿದರು. ಸಕ್ಕರೆ ಸೆಲ್ಯುಲೋಸ್ ಆಗುವುದು ಹೇಗೆ?

ಉತ್ತರ:
ನಮಸ್ಕಾರ. ಬೂಷ್ಟಾಗಿದ್ದರೆ ಮೇಲೆ ಒಣ ರೋಮಗಳೂ, ಹೆಚ್ಚಾಗಿ ಹಸಿರು ಅಥವಾ ಕಪ್ಪು ಬಣ್ಣವೂ ಕಾಣುತ್ತಿತ್ತು. ನೀವು ವರ್ಣಿಸಿದ ಪದರ ಸೆಲ್ಯುಲೋಸೇ, ಅಂದರೆ ಗ್ಲೂಕೋಸುಗಳ ಉದ್ದ ಸರಪಳಿಯೇ, ಇರಬೇಕು. ವಿನೆಗರಿನ ಮೇಲೆ ಕಟ್ಟುವ ಇಂಥ ಪದರವನ್ನು 1886ರಲ್ಲಿಯೇ ಬ್ರಿಟಿಷ್ ವಿಜ್ಞಾನಿ ಏಡ್ರಿಯನ್ ಬ್ರೌನ್ ಗುರುತಿಸಿದ್ದರು. ಹಿಂದೆ ಅಸಿಟೋಬ್ಯಾಕ್ಟರ್ ಎಂದು ಕರೆಯುತ್ತಿದ್ದ, ಈಗ ಕೊಮಗಟೈಬ್ಯಾಕ್ಟರ್ ಎಂಬ ಹೆಸರು ಪಡೆದ ಬ್ಯಾಕ್ಟೀರಿಯಾ ಇದನ್ನು ನೇಯುತ್ತದೆ.

ಸಕ್ಕರೆ ಒಡೆದು ಸಿಕ್ಕಿ, ಬ್ಯಾಕ್ಟೀರಿಯಾದ ಜೀವಕೋಶದ ಒಳಹೊಕ್ಕ ಗ್ಲೂಕೋಸಿಗೆ ಮೊದಲು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ಅಂಟುತ್ತದೆ. ಆ ಫಾಸ್ಫೇಟ್ ಗ್ಲೂಕೋಸಿನ ಆರನೆಯ ಇಂಗಾಲದಿಂದ ಒಂದನೆಯದಕ್ಕೆ ಸರಿದ ಮೇಲೆ, ಗ್ಲೂಕೋಸ್ ಯುಟಿಪಿ ಎಂಬ ಇನ್ನೊಂದು ಶಕ್ತಿಯ ಅಣುವಿನೊಂದಿಗೆ ಕೂಡಿ ಯುಡಿಪಿ-ಗ್ಲೂಕೋಸ್, ಅಂದರೆ ಯುಡಿಪಿ ಎಂಬ ಭಾಗ ಅಂಟಿದ ಗ್ಲೂಕೋಸ್, ಆಗುತ್ತದೆ. ಈ ಹಂತವನ್ನು ಗಮನವಿಟ್ಟು ನೋಡಬೇಕು, ಏಕೆಂದರೆ ಬರೇ ಗ್ಲೂಕೋಸುಗಳು ತಾವಾಗಿ ಒಂದಕ್ಕೊಂದು ಜೋಡಿಕೊಳ್ಳುವುದಿಲ್ಲ; ಜೋಡಣೆಗೆ ಬೇಕಾದ ಶಕ್ತಿಯನ್ನು ಕೋಶವು ಇಲ್ಲಿಯೇ ತೆತ್ತಿರುತ್ತದೆ. ಕೋಶಪೊರೆಯಲ್ಲಿರುವ ಸೆಲ್ಯುಲೋಸ್ ಸಿಂಥೇಸ್ ಎಂಬ ಕಿಣ್ವವು ಯುಡಿಪಿಯನ್ನು ಕಳಚಿ, ಗ್ಲೂಕೋಸನ್ನು ಸರಪಳಿಯ ತುದಿಗೆ ಒಂದೊಂದಾಗಿ ಪೋಣಿಸುತ್ತ, ಬೆಳೆಯುವ ಎಳೆಯನ್ನು ಅದೇ ಹೊತ್ತಿಗೆ ಹೊರಕ್ಕೆ ನೂಕುತ್ತದೆ. ಕೋಶದ ಉದ್ದಕ್ಕೂ ಸಾಲಾಗಿರುವ ರಂಧ್ರಗಳಿಂದ ಹೊರಬಂದ ಎಳೆಗಳು ಹೊಸೆದುಕೊಂಡು ಪಟ್ಟಿಯಾಗುತ್ತವೆ, ಅಸಂಖ್ಯ ಪಟ್ಟಿಗಳು ಹೆಣೆದುಕೊಂಡು ನಿಮ್ಮ ಪದರವಾಗುತ್ತದೆ. ಆ ಪದರದ ತೂಕದಲ್ಲಿ ಬಹುಪಾಲು ನೀರೇ. ಒಂದು ತುಂಡನ್ನು ಬಿಸಿಲಿಗಿಟ್ಟರೆ ಕಾಗದದಷ್ಟು ತೆಳ್ಳಗಾಗುವುದನ್ನು ನೀವೇ ಕಾಣಬಹುದು. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತು ಇದರಲ್ಲಿಲ್ಲ.

ಮರುಪ್ರಶ್ನೆ:
ದಿನವೂ ಕಲಕಿದರೆ ಪದರ ಬೇಗ ಬೆಳೆದೀತೇ? ತಿನ್ನಬಹುದೇ?

ಉತ್ತರ:
ದಯವಿಟ್ಟು ಕಲಕಬೇಡಿ. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕು, ಆದ್ದರಿಂದಲೇ ಪದರ ಗಾಳಿ ತಾಗುವ ಮೇಲ್ಭಾಗದಲ್ಲಿ ಕಟ್ಟುತ್ತದೆ. ಕಲಕಿದರೆ ಅದು ಹರಿದು ಗಂಟುಗಂಟಾಗುತ್ತದೆ, ಸೆಲ್ಯುಲೋಸ್ ಮಾಡದ ತಳಿಗಳು ಹೆಚ್ಚುವುದೂ ಉಂಟು. ಸುಮಾರು 28ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದಕ್ಕೆ ಹಿತ. ಫಿಲಿಪೈನ್ಸಿನಲ್ಲಿ ಕಾಯಿನೀರಿನಿಂದ ತಯಾರಿಸುವ ನಾಟಾ ಡಿ ಕೋಕೋ ಎಂಬ ತಿನಿಸು ಇದೇ ಪದರವಾದರೂ, ಅದಕ್ಕೆ ಆಯ್ದ ಬ್ಯಾಕ್ಟೀರಿಯಾವನ್ನು ಹೆಪ್ಪು ಹಾಕಿ, ಕೊನೆಗೆ ಹುಳಿ ಹೋಗುವವರೆಗೆ ತೊಳೆದು ಕುದಿಸುತ್ತಾರೆ. ತಾನಾಗಿ ಕಟ್ಟಿದ ಪದರದಲ್ಲಿ ಬೇರೆ ಯಾವ ಜೀವಿ ಸೇರಿದೆಯೆಂದು ಕಣ್ಣಿಗೆ ತಿಳಿಯದು, ಹಾಗಾಗಿ ನಿಮ್ಮ ಭರಣಿಯದನ್ನು ತಿನ್ನಬೇಡಿ.