ಸಹಾಯ ಬೇಕು: ತೊಗರಿ ಬ್ಲಾಕ್‌ಚೈನ್‌ಗೆ ಮೊದಲು ಪ್ರಚಾರವೋ, ಆ್ಯಪ್ ಸುಧಾರಣೆಯೋ?

ಜಿಐ ಟ್ಯಾಗ್ ಇರುವ ಕಲಬುರಗಿ ತೊಗರಿಬೇಳೆ ಯಾವ ಹೊಲದ್ದು, ಯಾವ ದಾಲ್ ಮಿಲ್‌ನದು ಎಂದು ಕ್ಯೂಆರ್‌ನಲ್ಲಿ ತೋರಿಸುವ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ, ಸುಲಭವಾಗಿ ತಿದ್ದಲಾಗದ ದಾಖಲೆ) ವೇದಿಕೆ ನಮ್ಮದು. ಪ್ರಚಾರ ಮಾಡಿದಾಗ ರೈತರು ಬರ್ತಾರೆ, ವಾಲೆಟ್ (ಬ್ಲಾಕ್‌ಚೈನ್ ಖಾತೆ) ತೆರೆಯುವ ಹಂತದಲ್ಲೇ ಬಿಟ್ಟು ಹೋಗ್ತಾರೆ. ಅಲ್ಲಿ ವಾಲೆಟ್‌ನ ಗುಪ್ತ ಕೀಲಿಯಾದ 12 ಪದಗಳ ಸೀಡ್ ಫ್ರೇಸ್ ಇಂಗ್ಲಿಷ್‌ನಲ್ಲಿ ಬರುತ್ತೆ. ಈ ಪದಗಳ ಮಾನದಂಡವಾದ ಬಿಐಪಿ-39ರಲ್ಲಿ ಕನ್ನಡ ಪದಪಟ್ಟಿ ಇಲ್ಲ. ಹಲವರು ಸೀಡ್ ಫ್ರೇಸ್‌ನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್‌ನಲ್ಲೇ ಇಟ್ಟುಕೊಳ್ತಾರೆ, ಅದು ನಿಜಕ್ಕೂ ಅಪಾಯ.

ಹಾಗಾಗಿ ಇಆರ್‌ಸಿ-4337 (ಇಥೀರಿಯಂ ಬ್ಲಾಕ್‌ಚೈನ್‌ನ ಒಂದು ಮಾನದಂಡ) ಸ್ಮಾರ್ಟ್ ಅಕೌಂಟ್‌ಗೆ, ಅಂದರೆ ಪ್ರೋಗ್ರಾಂನಿಂದ ನಡೆಯುವ ಖಾತೆಗೆ, ಹೋಗಬೇಕೆಂದಿದ್ದೇವೆ: ಪಾಸ್‌ಕೀಯಿಂದ (ಫೋನ್‌ನ ಬೆರಳಚ್ಚು ಅಥವಾ ಪಿನ್‌ನಿಂದ) ಲಾಗಿನ್, ಗ್ಯಾಸ್ ಶುಲ್ಕವನ್ನು (ಪ್ರತಿ ವ್ಯವಹಾರಕ್ಕೆ ಬ್ಲಾಕ್‌ಚೈನ್ ಪಡೆಯುವ ಶುಲ್ಕ) ರೈತರ ಬದಲು ಪೇಮಾಸ್ಟರ್ ಎಂಬ ಪ್ರೋಗ್ರಾಂ ತನ್ನಲ್ಲಿಟ್ಟ ಠೇವಣಿಯಿಂದ ಕಟ್ಟುತ್ತದೆ. ಇದರ ಜೊತೆಗೇ ಪ್ರಚಾರಕ್ಕೆಂದು ರೆಫರಲ್ ಬೋನಸ್ (ಬೇರೆಯವರನ್ನು ಸೇರಿಸಿದವರಿಗೆ ಕೊಡುವ ಬಹುಮಾನ) ಶುರು ಮಾಡಿದರೆ ನಕಲಿ ಖಾತೆಗಳು ಪೇಮಾಸ್ಟರ್ ಠೇವಣಿಯನ್ನೇ ಖಾಲಿ ಮಾಡ್ತವೆ. ನೋಂದಣಿಗೆ ಕೊಡುವ ಬದಲು ಎಪಿಎಂಸಿ ತೂಕದ ಚೀಟಿ ದಾಖಲಾದ ಮೇಲೆ ಬೋನಸ್ ಕೊಟ್ಟರೆ ಸಾಕೇ? ಒಂದು ಖಾತೆಗೆ ದಿನಕ್ಕೆ ಎಷ್ಟು ವ್ಯವಹಾರದ ಮಿತಿ ಇಡಬೇಕು? ಡಿಸೆಂಬರ್‌ಗೆ ತೊಗರಿ ರಾಶಿ ಶುರು. ಇದನ್ನ ಮಾಡಿ ನೋಡಿದವರು ದಯವಿಟ್ಟು ತಿಳಿಸ್ರಿ.