ಅಪ್‌ಡೇಟ್: ಕಂಬಗಳ ಫೋಟೋ ಕೊನೆಗೂ ಕೂಡಿಕೊಂಡವು

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನನ್ನ ಪ್ರಶ್ನೆ ಇಷ್ಟೇ ಇತ್ತು: ಸಾಲುಕಂಬಗಳ ಮಂಟಪವೊಂದರ ಎರಡು ಫೋಟೋ ಜೋಡಿಸಬೇಕು. ಎರಡೂ ಫೋಟೋಗಳಲ್ಲಿ ಹೊಂದಿಕೆಯಾದ ಬಿಂದುಗಳ ಜೋಡಿಗಳನ್ನೆಲ್ಲ ಲೀಸ್ಟ್ ಸ್ಕ್ವೇರ್ಸ್‌ಗೆ (ಒಟ್ಟು ದೋಷ ಆದಷ್ಟು ಕಡಿಮೆಯಾಗುವ ಹಾಗೆ ಲೆಕ್ಕ ಹಾಕುವ ವಿಧಾನ) ಕೊಟ್ಟರೆ ಚಿತ್ರ ಸೊಟ್ಟಗಾಗುತ್ತಿತ್ತು. ಅದು ದೋಷವನ್ನು ವರ್ಗ ಮಾಡಿ ಕೂಡಿಸುತ್ತದಲ್ವಾ, ದೂರದ ನಾಲ್ಕಾರು ತಪ್ಪು ಜೋಡಿಗಳೇ ಉತ್ತರವನ್ನು ತಮ್ಮ ಕಡೆ ಎಳೆದುಬಿಡುತ್ತವೆ.

ನೀವು ಹೇಳಿದ ಹಾಗೆ ರಾನ್‌ಸ್ಯಾಕ್ ಹಾಕಿದೆ. 1981ರಲ್ಲಿ ಫಿಷ್ಲರ್ ಮತ್ತು ಬೋಲ್ಸ್ ಕೊಟ್ಟ, ತಪ್ಪು ಜೋಡಿಗಳನ್ನು ಬದಿಗಿಟ್ಟು ಉತ್ತರ ಹುಡುಕುವ ವಿಧಾನ. ಸುಮ್ನೆ ಯಾವುದಾದರೂ 4 ಜೋಡಿ ಎತ್ತಿ ಹೋಮೋಗ್ರಫಿ (ಒಂದು ಫೋಟೋದ ಬಿಂದುಗಳನ್ನು ಇನ್ನೊಂದರ ಮೇಲೆ ಕೂರಿಸುವ ಸೂತ್ರ) ಲೆಕ್ಕ ಹಾಕು, ಉಳಿದವುಗಳಲ್ಲಿ ಎಷ್ಟು ಒಪ್ಪುತ್ತವೆ ಎಣಿಸು, ಮತ್ತೆ ಎತ್ತು; ಕೊನೆಗೆ ಹೆಚ್ಚು ಜೋಡಿಗಳು ಒಪ್ಪಿದ್ದನ್ನು ಇಟ್ಟುಕೋ. ಅರ್ಧ ಜೋಡಿಗಳು ಸರಿಯಿದ್ದರೆ, ಒಮ್ಮೆಯಾದರೂ ನಾಲ್ಕೂ ಸರಿಯಾದ ಜೋಡಿಗಳೇ ಸಿಗುತ್ತವೆ ಎಂಬ ಶೇ. 99 ಭರವಸೆಗೆ 72 ಸುತ್ತು ಸಾಕು. ಶೇ. 30 ಮಾತ್ರ ಸರಿಯಿದ್ದರೆ 567 ಬೇಕು. ಕಂಪ್ಯೂಟರಿಗೆ ಅದೇನು ಮಹಾ!

ಆದರೂ ಒಂದು ತೊಡಕು ಉಳಿಯಿತು. ಕಂಬಗಳೆಲ್ಲ ಒಂದೇ ಥರ. ಮೂರನೇ ಕಂಬದ ಕೆತ್ತನೆ ನಾಲ್ಕನೆಯದಕ್ಕೆ ಹೊಂದಿಕೊಳ್ಳುತ್ತಿತ್ತು. ಇಂಥ ತಪ್ಪುಗಳು ಚದುರಿರುವುದಿಲ್ಲ, ಕಳ್ಳರೆಲ್ಲ ಮಾತಾಡಿಕೊಂಡು ಬಂದ ಹಾಗೆ ಒಟ್ಟಿಗೆ ಒಂದೇ ಉತ್ತರ ಹೇಳುತ್ತವೆ. ರಾನ್‌ಸ್ಯಾಕ್ ಎಣಿಸುವುದು ಒಮ್ಮತವನ್ನೇ, ಹಾಗಾಗಿ ಅದೂ ನಂಬಿತು. ಮೊದಲೇ ರೇಷಿಯೋ ಟೆಸ್ಟ್ ಬಿಗಿ ಮಾಡಿದ ಮೇಲೆ, ಅಂದರೆ ಎರಡನೇ ಉತ್ತಮ ಹೊಂದಿಕೆ ತೀರಾ ಹತ್ತಿರವಿದ್ದ ಜೋಡಿಗಳನ್ನು ಬಿಸಾಕಿದ ಮೇಲೆ, ದಾರಿಗೆ ಬಂತು. ಓಪನ್‌ಸಿವಿಯಲ್ಲಿ (ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರ್ ಲೈಬ್ರರಿ) ಜೋಡಿಯೊಂದು ಎಷ್ಟು ತಪ್ಪಿದರೂ ಒಪ್ಪಿತು ಎಂದು ಎಣಿಸಬೇಕು ಎಂಬ ಡಿಫಾಲ್ಟ್ ಮಿತಿ 3 ಪಿಕ್ಸೆಲ್, ಅದನ್ನು ಮುಟ್ಟಲಿಲ್ಲ.

ಉಳಿದ ಒಳ್ಳೆಯ ಜೋಡಿಗಳ ಮೇಲೆ ಕೊನೆಗೆ ಮತ್ತೆ ಅದೇ ಲೀಸ್ಟ್ ಸ್ಕ್ವೇರ್ಸ್ ಓಡಿಸಿದೆ. ಈಗ ಅದರಷ್ಟು ಒಳ್ಳೆಯದು ಬೇರೆ ಇಲ್ಲ.