ಹ್ಯಾಲ್ಬರ್ಡ್‌ಗೆ ‘ಗಂಡುಗೊಡಲಿ’ ಸಾಕೇ?

ಆಯುಧಗಳ ಇತಿಹಾಸದ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಹ್ಯಾಲ್ಬರ್ಡ್’ ಅನ್ನುವ ಪದ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ‘ಗಂಡುಗೊಡಲಿ ಅಂತ ಹಾಕಿ ಮುಗಿಸಿ’ ಅಂದರು ಗೆಳೆಯರೊಬ್ಬರು. ಅಷ್ಟು ಸುಲಭಕ್ಕೆ ಮುಗಿಯುವ ಹಾಗೆ ಕಾಣುತ್ತಿಲ್ಲ.

ಹೆಚ್ಚಿನವರು ನೋಡಿರುವ ಹ್ಯಾಲ್ಬರ್ಡ್ ಅಂದರೆ ವ್ಯಾಟಿಕನ್‌ನಲ್ಲಿ ಪಟ್ಟೆಪಟ್ಟೆ ಸಮವಸ್ತ್ರ ತೊಟ್ಟು ನಿಲ್ಲುವ ಸ್ವಿಸ್ ಗಾರ್ಡ್‌ಗಳ ಕೈಯಲ್ಲಿ ಇರುತ್ತದಲ್ಲ, ಅದು. ಉದ್ದನೆಯ ಮರದ ಕಾವು. ಒಂದು ಬದಿಗೆ ಕೊಡಲಿಯ ಅಲಗು, ಅದರ ಬೆನ್ನಿಗೆ ಕೊಕ್ಕೆ, ತುದಿಗೆ ಈಟಿಯ ಮೊನೆ. ಕುದುರೆ ಸವಾರ ನುಗ್ಗಿ ಬಂದರೆ ಮೊನೆ ಚಾಚಿ ತಡೆಯಬಹುದು. ಕೊಕ್ಕೆ ಸಿಕ್ಕಿಸಿ ಕೆಳಗೆ ಎಳೆಯಬಹುದು. ಬಿದ್ದ ಮೇಲೆ ಕೊಡಲಿ ಇದ್ದೇ ಇದೆ. 1315ರಲ್ಲಿ ಮೊರ್ಗಾರ್ಟನ್ ಹತ್ತಿರ ಸ್ವಿಸ್ ಬೆಟ್ಟಸೀಮೆಯ ಜನ ಆಸ್ಟ್ರಿಯಾದ ಲಿಯೊಪೋಲ್ಡನ ಸವಾರರನ್ನು ಇಂಥದ್ದನ್ನು ಹಿಡಿದೇ ಬಡಿದರು. 1477ರ ಜನವರಿಯಲ್ಲಿ ನಾನ್ಸಿ ಕದನದಲ್ಲಿ ಬರ್ಗಂಡಿಯ ದೊರೆ ಚಾರ್ಲ್ಸ್ ಸತ್ತಾಗ ತಲೆ ಸೀಳಿಹೋಗಿತ್ತು. ಹ್ಯಾಲ್ಬರ್ಡ್ ಏಟು ಅಂತಲೇ ಹೇಳುತ್ತ ಬಂದಿದ್ದಾರೆ.

ಮೂಲ ಜರ್ಮನ್ ಪದ ‘ಹೆಲ್ಮ್‌ಬಾರ್ಟೆ’. ಅದರಲ್ಲಿ ‘ಬಾರ್ಟೆ’ ಅಂದರೆ ಕೊಡಲಿ. ‘ಹೆಲ್ಮ್’ ಅಂದರೆ ಕಾವು ಅಂತ ಕೆಲವರು, ತಲೆಗಾಪು ಅಂತ ಕೆಲವರು. ಹಾಗಾಗಿ ಕೊಡಲಿ ಅನ್ನುವುದು ತಪ್ಪೇನಲ್ಲ. ಆದರೆ ಗಂಡುಗೊಡಲಿ ಅಂದ ಕೂಡಲೇ ನಮಗೆ ಕಣ್ಣ ಮುಂದೆ ಬರುವುದು ಪರಶುರಾಮ. ಮೊನೆಯೂ ಇಲ್ಲ, ಕೊಕ್ಕೆಯೂ ಇಲ್ಲ. ‘ಈಟಿಗೊಡಲಿ’ ವಾಸಿ ಅಂತ ನನ್ನ ಅಂದಾಜು.

ನಿಜವಾದ ತೊಡಕು ಮುಂದೆ ಇದೆ. ಸುಮಾರು 4,000 ವರ್ಷ ಹಿಂದಿನ, ತಾಮ್ರ ಮತ್ತು ಕಂಚಿನ ಕಾಲದ ಒಂದು ಆಯುಧಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು. ಐರ್ಲೆಂಡಿನಲ್ಲಿ ಇವು ಜಾಸ್ತಿ ಸಿಕ್ಕಿವೆ. ಅಲ್ಲಿನ ಮೇಯೋ ಸೀಮೆಯ ಕಾರ್ನ್‌ನಲ್ಲಿ ಓಕ್ ಮರದ ಕಾವಿನ ಸಮೇತ ಒಂದು ಸಿಕ್ಕಿದೆ. ಇಟಲಿಯ ವಾಲ್ ಕಮೋನಿಕಾದ ಬಂಡೆಗಳ ಮೇಲೂ ಇದನ್ನು ಕೆತ್ತಿದ್ದಾರೆ. ಇದರಲ್ಲಿ ಕೊಡಲಿಯೇ ಇಲ್ಲ! ಬಾಕುವಿನಂಥ ಚೂಪು ಅಲಗನ್ನು ಕೋಲಿಗೆ ಅಡ್ಡಲಾಗಿ ಕೂರಿಸಿ, ದಪ್ಪ ಗುಬ್ಬಿಮೊಳೆ ಬಡಿದು ಬಿಗಿದಿರುತ್ತಾರೆ. ಕಡಿಯುವುದಕ್ಕಲ್ಲ, ಗುದ್ದಲಿ ಹಾಕಿದ ಹಾಗೆ ಮೇಲಿನಿಂದ ನಾಟುವುದಕ್ಕೆ. ಇದು ಸುಮ್ನೆ ಮೆರವಣಿಗೆಗೆ, ಪೂಜೆಗೆ ಮಾಡಿದ್ದು, ಕಾದಾಟಕ್ಕೆ ಬಾರದು ಅಂತ ಪುರಾತತ್ವದವರು ತುಂಬಾ ಕಾಲ ನಂಬಿದ್ದರು. ಆಮೇಲೆ ಒಬ್ಬ ಐರಿಷ್ ವಿದ್ವಾಂಸರು ಅದೇ ಥರದ್ದೊಂದನ್ನು ಮಾಡಿಸಿ ಕುರಿ ತಲೆಗಳ ಮೇಲೆ ಬೀಸಿ ನೋಡಿದರು. ಬುರುಡೆ ತೂತಾಯಿತು. ಅಲಗಿಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ಜರ್ಮನ್ನರು ಈ ಗೊಂದಲ ಮಾಡಿಕೊಂಡಿಲ್ಲ. ಹಳೆಯದಕ್ಕೆ ‘ಷ್ಟಾಬ್‌ಡೋಲ್ಖ್’ ಅನ್ನುತ್ತಾರೆ, ಅಂದರೆ ಕೋಲುಬಾಕು. ನಾವೂ ಎರಡು ಪದ ಇಟ್ಟುಕೊಳ್ಳುವುದೇ ಒಳ್ಳೆಯದು ಅಲ್ವಾ? ‘ಅಡ್ಡಬಾಕು’ ಹೇಗೆ? ಅಲಗು ಯಾವ ದಿಕ್ಕಿಗಿದೆ ಅನ್ನುವುದು ಹೆಸರಿನಲ್ಲೇ ತಿಳಿಯುತ್ತದೆ.

ಇನ್ನೊಂದು ಬಳಕೆ ಕೇಳಬೇಕಿತ್ತು. 18ನೇ ಶತಮಾನದ ಬ್ರಿಟಿಷ್ ಸೈನ್ಯದಲ್ಲಿ ಹ್ಯಾಲ್ಬರ್ಡ್ ಸಾರ್ಜೆಂಟ್ ದರ್ಜೆಯ ಗುರುತಾಗಿತ್ತು. ಮೂರ್ನಾಲ್ಕನ್ನು ನೆಟ್ಟು ತುದಿ ಕಟ್ಟಿ, ತಪ್ಪು ಮಾಡಿದ ಸಿಪಾಯಿಯನ್ನು ಅದಕ್ಕೆ ಬಿಗಿದು ಚಾಟಿಯಲ್ಲಿ ಹೊಡೆಯುತ್ತಿದ್ದರು. ‘ಹ್ಯಾಲ್ಬರ್ಡ್‌ಗೆ ತಂದರು’ ಅಂದರೆ ಅದೇ ಅರ್ಥ. ‘ಕಂಬಕ್ಕೆ ಕಟ್ಟಿದರು’ ಅಂದರೆ ಸಾರ್ಜೆಂಟನ ದರ್ಪ ಬಿಟ್ಟುಹೋಗುತ್ತದೆ. ‘ಈಟಿಗೊಡಲಿಗೆ ಕಟ್ಟಿದರು’ ಅಂದರೆ ಓದುಗರಿಗೆ ತಲೆಬುಡ ತಿಳಿಯುವುದಿಲ್ಲ. ಸದ್ಯಕ್ಕೆ ಎರಡನೆಯದನ್ನೇ ಇಟ್ಟು ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಟ್ಟಿದ್ದೇನೆ.

ಕೊನೆಗೆ ಚೀನಾದ್ದು. ಅಲ್ಲಿಯ ಶಾಂಗ್ ರಾಜರ ಕಾಲದ ಅಡ್ಡ ಅಲಗಿನ ಆಯುಧದ ಹೆಸರು ‘ಗೆ’. ಅದಕ್ಕೆ ಈಟಿಮೊನೆ ಸೇರಿದರೆ ‘ಜಿ’. ‘ಜಿ’ಯನ್ನೂ ಇಂಗ್ಲಿಷಿನವರು ಹ್ಯಾಲ್ಬರ್ಡ್ ಅಂದುಬಿಡುತ್ತಾರೆ. ಮೂಲ ಹೆಸರು ಉಳಿಸೋಣವೆಂದರೆ ‘ಗೆ’ ನಮ್ಮಲ್ಲಿ ವಿಭಕ್ತಿ ಪ್ರತ್ಯಯ. ‘ಗೆಗೆ ಕಾವು ಜೋಡಿಸಿ’ ಅಂತ ಬರೆದು ನಾನೇ ನಕ್ಕೆ. ‘ಗೆ’ಯನ್ನು ‘ಚೀನೀ ಅಡ್ಡಬಾಕು’ ಅಂದರೆ ಒಪ್ಪುತ್ತೀರಾ? ಅಥವಾ ನಿಮ್ಮ ಕಡೆ, ಕಾವಿಗೆ ಅಡ್ಡಲಾಗಿ ಚೂಪು ಅಲಗು ಇರುವ ಹತ್ಯಾರಕ್ಕೆ ಬೇರೆ ಹೆಸರೇನಾದರೂ ಉಂಟೇ?